ನೀಲಿ ದೀಪದ ಏಳು ದಿನ

ಮಾರ್ಚ್ 3, ಮಂಗಳವಾರ

ಮದುವೆಯಾಗಿ ಇವತ್ತಿಗೆ ಹತ್ತೊಂಬತ್ತು ದಿನ! ಎಣಿಸುವುದನ್ನು ನಿಲ್ಲಿಸು ಎಂದು ಅಕ್ಕ ಫೋನಿನಲ್ಲಿ ಬೈದಳು. ಅವಳಿಗೆ ಮದುವೆಯಾಗಿ ಆರು ವರ್ಷವಾಯಿತು, ಅವಳಿಗೇನು ಗೊತ್ತು. ನನ್ನ ಕಾಲಂತೂ ನೆಲದ ಮೇಲೆ ನಿಲ್ಲುತ್ತಿಲ್ಲ. ಇವರು ಬೆಳಿಗ್ಗೆ ಶೂ ಲೇಸ್ ಕಟ್ಟಿಕೊಳ್ಳುವುದನ್ನು ನೋಡುತ್ತ ನಿಂತರೂ ನನಗೆ ಹೊತ್ತು ಹೋಗುತ್ತದೆ. ಎಷ್ಟು ಚೆಂದ ಕಟ್ಟುತ್ತಾರೆ!

ಈ ಡೈರಿ ನಮ್ಮ ಸೂಪರ್‌ವೈಸರ್ ಮೇಡಂ ಆಜ್ಞೆ. ಟಿವಿಯಲ್ಲಿ ಸುದ್ದಿ ಓದುವಾಗ ಕಿವಿ ಕೇಳದವರಿಗಾಗಿ ಪರದೆಯ ಕೆಳಗೆ ಮಾತೆಲ್ಲ ಅಕ್ಷರವಾಗಿ ಓಡುತ್ತದಲ್ಲ, ಅದನ್ನು ಟೈಪ್ ಮಾಡಿ ಓಡಿಸುವವರಲ್ಲಿ ನಾನೂ ಒಬ್ಬಳು. “ನೀನು ಇಂಗ್ಲಿಷ್ ಮೀಡಿಯಂ. ನಿನ್ನ ಕನ್ನಡ ಓಡುತ್ತೆ, ಆದ್ರೆ ಕುಂಟ್ಕೊಂಡು ಓಡುತ್ತೆ. ದಿನಾ ಒಂದು ಪುಟ ಬರಿ” ಎಂದಿದ್ದರು. ಆಗ ಬರೆಯಲು ಏನೂ ಇರಲಿಲ್ಲ. ಈಗ ಪುಟ ಸಾಲದು!

ಇಷ್ಟು ದಿನ ಆಫೀಸಿನಲ್ಲೇ ಕೂತು ಕೆಲಸ. ಆಫೀಸಿರುವ ಊರು ಇಲ್ಲಿಂದ ರೈಲಿನಲ್ಲಿ ಎಂಟು ಗಂಟೆ. ಇನ್ನು ಮನೆಯಿಂದಲೇ ಮಾಡುತ್ತೇನೆ ಎಂದು ಗೋಗರೆದಾಗ ಮೇಡಂ ಷರತ್ತು ಹಾಕಿದರು. ಇಂಟರ್ನೆಟ್ ವೈರಿನಲ್ಲೇ ಬರಬೇಕು, ಗಾಳಿಯಲ್ಲಿ ಬಂದದ್ದು ನಡೆಯುವುದಿಲ್ಲ. ನನ್ನ ಸಾಲು ಅರ್ಧ ನಿಮಿಷ ನಿಂತರೂ ನೋಡುವವರ ಪಾಲಿಗೆ ಆ ಸುದ್ದಿಯೇ ಇಲ್ಲ. ಅದಕ್ಕಾಗಿ ಏಳು ದಿನ, ಹಗಲೂ ರಾತ್ರಿ, ಒಂದು ಸಲವೂ ಕಡಿಯದೆ ವೈರು ಕೆಲಸ ಮಾಡಿದ್ದನ್ನು ಅವರ ಸಾಫ್ಟ್‌ವೇರ್ ಅಳೆಯಬೇಕು. ನಡುವೆ ಕಡಿದರೆ ಲೆಕ್ಕ ಮತ್ತೆ ಸೊನ್ನೆಯಿಂದ. ಗಡುವು 31ನೇ ತಾರೀಖು ಸಂಜೆ ಐದು. ಆಗಲಿಲ್ಲವೋ, ಮದುವೆಯ ರಜೆ ಮುಗಿಸಿ ಏಪ್ರಿಲ್ ಎರಡನೇ ತಾರೀಖು ನಾನು ಆಫೀಸಿಗೆ ಹಾಜರು. ಲೇಡೀಸ್ ಹಾಸ್ಟೆಲ್. ನಾನು ಅಲ್ಲಿ, ಇವರು ಇಲ್ಲಿ.

ಇವರು ಬಿಡುತ್ತಾರೆಯೇ! “ನಾನಿದ್ದೀನಲ್ವಾ?” ಎಂದರು. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವುದು ಇವರ ಕೆಲಸ, ಆದರೆ ಇವರಿಗೆ ಗೊತ್ತಿಲ್ಲದ್ದು ಏನೂ ಇಲ್ಲ. ನಿನ್ನೆ, ಮನೆಯ ಮೂಲೆಮೂಲೆಗೂ ಇಂಟರ್ನೆಟ್ ತಲುಪಿಸುವ ಮೆಶ್ ರೌಟರ್ ತಂದರು. ಒಂದು ದೊಡ್ಡ ಬಿಳಿ ಡಬ್ಬಿ, ಒಂದು ಚಿಕ್ಕದು. ದೊಡ್ಡದು ಹಾಲಿನಲ್ಲಿ ಟಿವಿ ಪಕ್ಕ, ಚಿಕ್ಕದು ನಮ್ಮ ರೂಮಿನ ಮೇಜಿನ ಮೇಲೆ. ಎರಡರ ನಡುವೆ ಬೂದು ಬಣ್ಣದ ವೈರು. ಚಿಕ್ಕ ಡಬ್ಬಿಯಿಂದ ನನ್ನ ಕಂಪ್ಯೂಟರಿಗೆ ಗೇಣುದ್ದದ ಇನ್ನೊಂದು. ವೈರಿನಲ್ಲಿ ಬರುತ್ತಿದ್ದರೆ ಚಿಕ್ಕ ಡಬ್ಬಿಯ ಮೇಲೆ ನೀಲಿ ದೀಪ. ವೈರು ಕೈಕೊಟ್ಟರೆ ಅದು ತಾನಾಗಿ ಗಾಳಿಯಲ್ಲಿ ಹಿಡಿದುಕೊಳ್ಳುತ್ತದೆ, ಆಗ ಕಿತ್ತಳೆ ದೀಪ. ನಮಗೆ ಬೇಕಾದದ್ದು ನೀಲಿ.

ಗೋಡೆ ಕೊರೆಯಲು ಮಾವನವರು ಬಿಡಲಿಲ್ಲ. “ಹೋದ ವರ್ಷ ಪೇಂಟ್ ಮಾಡ್ಸಿದ್ದು. ಯಾರೂ ಮುಟ್ಟಂಗಿಲ್ಲ” ಎಂದರು. ಇವರು ಎರಡೇ ಕ್ಷಣ ಯೋಚಿಸಿ, ವೈರನ್ನು ಗೋಡೆಯ ಬುಡದಲ್ಲಿ ಎಳೆದು ತಂದು, ನಮ್ಮ ರೂಮಿನ ಬಾಗಿಲ ಕೀಲಿನ ಸಂದಿಯಲ್ಲಿ ತೂರಿಸಿ ಒಳಗೆ ತಂದೇಬಿಟ್ಟರು. ಎಂಥ ತಲೆ! ನಾನು ಚಪ್ಪಾಳೆ ಹೊಡೆದೆ. ಹಾಲಿನಲ್ಲಿ ಹೊಲಿಗೆ ಮಷಿನ್ ಮುಂದೆ ಕೂತಿದ್ದ ಅತ್ತೆಯವರು ತಲೆ ಎತ್ತಿ ನೋಡಿ, ಮತ್ತೆ ತಗ್ಗಿಸಿದರು.

ಅತ್ತೆಯವರು ಶಾಲೆಯೊಂದಕ್ಕೆ ಯೂನಿಫಾರಂ ಹೊಲಿಯುತ್ತಾರೆ. ದಿನಕ್ಕೆ ಹನ್ನೆರಡು ಮಾತು ಆಡುತ್ತಾರೆ, ನಾನು ಎಣಿಸಿದ್ದೇನೆ. ನನ್ನನ್ನು ಕಂಡರೆ ಆಗುವುದಿಲ್ಲವೇನೋ. ಈಗ ನಮ್ಮದಾಗಿರುವ ರೂಮು ಮೊದಲು ಅವರಿಬ್ಬರದಾಗಿತ್ತು. ಮನೆಯಲ್ಲಿ ಬಾಗಿಲಿರುವ ರೂಮು ಅದೊಂದೇ. ಈಗ ಅವರು ಹಾಲಿನಲ್ಲಿ ಮಲಗುತ್ತಾರೆ. ಅಲ್ಲೇ ಗಾಳಿ ಚೆನ್ನಾಗಿದೆಯಂತೆ.

ಮಾರ್ಚ್ 5, ಗುರುವಾರ

ಕಿತ್ತಳೆ!

ಬೆಳಿಗ್ಗೆ ಎದ್ದು ನೋಡಿದರೆ ಕಿತ್ತಳೆ. ಹಲ್ಲುಜ್ಜಿ ಬಂದು ನೋಡಿದರೆ ನೀಲಿ. ಮಧ್ಯಾಹ್ನ ಇವರು ಊಟಕ್ಕೆ ಬಂದು ಅರ್ಧ ಗಂಟೆ ರೂಮಿನಲ್ಲಿ ವಿಶ್ರಾಂತಿ ಪಡೆಯುತ್ತಾರೆ (ನಾನೂ ಪಡೆಯುತ್ತೇನೆ), ಆಮೇಲೆ ನೋಡಿದರೆ ಮತ್ತೆ ಕಿತ್ತಳೆ. ಹೆಲ್ಪ್‌ಲೈನಿನ ಹೆಂಗಸು ಡಬ್ಬಿ ಆರಿಸಿ ಮೂವತ್ತು ಎಣಿಸಿ ಹಾಕಿ ಎಂದಳು. ಎಣಿಸಿದೆ. ಹಿಂದಿರುವ ಸಣ್ಣ ತೂತಿಗೆ ಪಿನ್ನು ಒತ್ತಿ ರೀಸೆಟ್ ಮಾಡಿ ಎಂದಳು. ಪಿನ್ನಿಗೆ ಹುಡುಕುತ್ತಿದ್ದಾಗ ಅತ್ತೆಯವರು ಮಾತಿಲ್ಲದೆ ಒಂದು ಸೂಜಿ ಚಾಚಿದರು. ಒತ್ತಿದೆ. ಡಬ್ಬಿಗೆ ಎಲ್ಲ ಮರೆತುಹೋಯಿತು. ತನ್ನ ಹೆಸರು ಸಹಿತ!

ಸಂಜೆ ಇವರು ಬಂದು ಹೊಸ ಹೆಸರಿಟ್ಟರು. ನಮ್ಮ ಮನೆಯ ವೈಫೈ ಹೆಸರು ಈಗ “ಮುದ್ದು”. ನನ್ನದೇ ಹೆಸರು ಅದು, ಇವರು ಕರೆಯುವುದು! ನಾಚಿಕೆಯಿಂದ ಅಡುಗೆಮನೆಗೆ ಓಡಿದೆ. ಮಾವನವರು ಕನ್ನಡಕ ಮೂಗಿಗಿಳಿಸಿಕೊಂಡು, “ನನ್ ಮೊಬೈಲು ಮುದ್ದುಗೆ ಕನೆಕ್ಟ್ ಆಗ್ತಿಲ್ಲ ಕಣೋ” ಎಂದು ಕೂಗುವುದು ಅಲ್ಲಿಗೂ ಕೇಳಿಸಿತು.

ಮಾರ್ಚ್ 8, ಭಾನುವಾರ

ಮಾವನವರು ಕಣಕ್ಕಿಳಿದಿದ್ದಾರೆ. ಬಸ್ ಡಿಪೋದಲ್ಲಿ ಮೂವತ್ತನಾಲ್ಕು ವರ್ಷ ಟೈಮ್ ಕೀಪರ್ ಆಗಿದ್ದವರು. ಯಾವ ಬಸ್ಸು ಎಷ್ಟು ಗಂಟೆಗೆ ಹೊರಟಿತು, ಎಷ್ಟು ತಡವಾಗಿ ಬಂತು ಎಂದು ಬರೆಯುವುದೇ ಕೆಲಸ. ನಿವೃತ್ತರಾಗಿ ಎರಡು ವರ್ಷ, ಬರೆಯಲು ಏನೂ ಸಿಗದೆ ಕಂಗಾಲಾಗಿದ್ದರಂತೆ.

“ಯಾವ್ದೇ ಗಾಡಿ ಕೆಟ್ರೂ ಅದಕ್ಕೊಂದು ಟೈಮಿಂಗ್ ಇರುತ್ತಮ್ಮಾ. ಟೈಮಿಂಗ್ ಹಿಡಿದ್ರೆ ಕಾರಣ ತಾನಾಗೇ ಸಿಗುತ್ತೆ” ಎಂದು ದೊಡ್ಡ ಹಾಳೆಯ ಮೇಲೆ ಚಾರ್ಟ್ ಎಳೆದು ಹಾಲಿನ ಗೋಡೆಗೆ ಅಂಟಿಸಿದರು. ಕಂಪನಿಯ ಸಾಫ್ಟ್‌ವೇರ್ ವೈರು ಕಡಿದ ಹೊತ್ತನ್ನೆಲ್ಲ ಬರೆದಿಡುತ್ತದಲ್ಲ, ಅದನ್ನು ನಾನು ಓದಿದೆ, ಅವರು ಕೆಂಪು ಪೆನ್ನಲ್ಲಿ ಗುರುತು ಹಾಕಿದರು.

“ರಾತ್ರಿ 10:05ರಿಂದ ಬೆಳಿಗ್ಗೆ 6:10. ದಿನಾ.”

“ಹೂಂ.”

“ಮಧ್ಯಾಹ್ನ 1:42ರಿಂದ 2:15. ದಿನಾ.”

“ಹೂಂ.”

“ಬೆಳಿಗ್ಗೆ 8:20, ನಾಲ್ಕು ನಿಮಿಷ.” ಇವರು ಅಂಗಡಿಗೆ ಹೊರಡುವ ಹೊತ್ತು. “ಸಂಜೆ ಆರೂವರೆ, ಇಪ್ಪತ್ತು ನಿಮಿಷ.” ನಾನು ಅಮ್ಮನಿಗೆ ಫೋನ್ ಮಾಡುವ ಹೊತ್ತು. “ಇವತ್ತು ಮಧ್ಯಾಹ್ನ ಎರಡರಿಂದ ನಾಲ್ಕೂವರೆ.”

“ಅಬ್ಬಾ! ಭಾನುವಾರ ಜಾಸ್ತಿ,” ಎಂದರು ಮಾವನವರು ಉದ್ದಕ್ಕೆ ಕೆಂಪು ಗೆರೆ ಎಳೆಯುತ್ತ. “ಲೋಡು ಅನ್ಸುತ್ತೆ.”

ಹೊಲಿಗೆ ಮಷಿನ್ ಗಕ್ಕನೆ ನಿಂತಿತು. ಅತ್ತೆಯವರು ಚಾರ್ಟನ್ನು ನೋಡಿದರು, ನನ್ನನ್ನು ನೋಡಿದರು, ಸೂಜಿಗೆ ದಾರ ಪೋಣಿಸಿದರು. ದಾರವೇನೂ ಬಿಟ್ಟುಹೋಗಿರಲಿಲ್ಲ.

ಮಾರ್ಚ್ 10, ಮಂಗಳವಾರ

ಇಂಟರ್ನೆಟ್ ಕಂಪನಿಯ ಟೆಕ್ನಿಷಿಯನ್ ಬಂದಿದ್ದ. ನಲವತ್ತೈದರ ಆಸುಪಾಸು, ದೊಡ್ಡ ಹೊಟ್ಟೆ, ಜಗತ್ತಿನ ಎಲ್ಲ ಮನೆಗಳ ಮೇಲೂ ಬೇಸರ ಬಂದಿರುವ ಮುಖ. ಎರಡೂ ತುದಿಯ ಪ್ಲಗ್ಗು ಕಿತ್ತು ನೋಡಿದ, ಊದಿದ, ಮತ್ತೆ ಹಾಕಿದ. ಕ್ಲಿಕ್ ಎಂದು ಸದ್ದು ಬರಲೇಬೇಕು, ಬರದಿದ್ದರೆ ಕೂತಿಲ್ಲ ಎಂದರ್ಥ ಎಂದು ಕಲಿಸಿಕೊಟ್ಟ. ರೂಮಿನಲ್ಲಿ ಮುಕ್ಕಾಲು ಗಂಟೆ ಕೂತು ದೀಪವನ್ನೇ ದಿಟ್ಟಿಸಿದ. ನೀಲಿ, ನೀಲಿ, ನೀಲಿ.

“ಏನೂ ಪ್ರಾಬ್ಲಂ ಇಲ್ವಲ್ಲ ಮೇಡಂ.”

ಮಾವನವರು ಚಾರ್ಟ್ ತೋರಿಸಿದರು. ಅವನು ತಲೆ ಕೆರೆದುಕೊಂಡ. “ರಾತ್ರಿ ಏರಿಯಾದವ್ರೆಲ್ಲ ವಿಡಿಯೋ ನೋಡ್ತಾರೆ ಸರ್, ಅದಕ್ಕೆ. ಮಧ್ಯಾಹ್ನ ಬಿಸಿಲು. ಡಬ್ಬಿ ಕಾಯುತ್ತೆ.”

“ಭಾನುವಾರ?”

“ಭಾನುವಾರ ಎಲ್ರೂ ಮನೇಲಿರ್ತಾರಲ್ಲ ಸರ್.”

“ನಾನು ಹೇಳ್ಲಿಲ್ವಾ, ಲೋಡು!” ಎಂದು ಮಾವನವರು ಗೆದ್ದವರಂತೆ ಎಲ್ಲರ ಮುಖ ನೋಡಿದರು.

ಬಾಗಿಲಾಚೆ ಹೋಗಿ ಅವನು ಬೈಕ್ ಸ್ಟಾರ್ಟ್ ಮಾಡಿದ. ಇವರು ಊಟಕ್ಕೆ ಬಂದರು. ಕಿತ್ತಳೆ.

ಮಾರ್ಚ್ 12, ಗುರುವಾರ

ಡಬ್ಬಿಗೆ ಬಿಸಿಲಿನ ತಾಪವಾಗದಿರಲೆಂದು ಟೇಬಲ್ ಫ್ಯಾನನ್ನು ಅದರ ಕಡೆ ತಿರುಗಿಸಿದ್ದೇವೆ. ನಾವಿಬ್ಬರೂ ಬೆವರುತ್ತಿದ್ದೇವೆ. ಡಬ್ಬಿ ತಂಪಾಗಿ, ಕಿತ್ತಳೆಯಾಗಿ ಕೂತಿದೆ.

ಮಾರ್ಚ್ 15, ಭಾನುವಾರ

ಇವರು ಹೊಸ ವೈರು ತಂದರು. ಹಳೆಯದನ್ನು ಎಳೆದು, ಅದೇ ದಾರಿಯಲ್ಲಿ, ಅದೇ ಸಂದಿಯಲ್ಲಿ ಹೊಸದನ್ನು ತೂರಿಸಿದರು. ಇಡೀ ಮಧ್ಯಾಹ್ನ ನೀಲಿ! ಖುಷಿಗೆ ನಾನು ಕುಣಿದೆ, ನಿಜವಾಗಿಯೂ ಕುಣಿದೆ. “ಕಣ್ಣಿನ ನರ ಇದ್ದಂಗೆ ಇದು. ಒಂದು ಸಲ ಸರಿ ಕೂರಿಸಿದ್ರೆ ಆಯ್ತು” ಎಂದರು ಇವರು. ಎಷ್ಟು ಚೆನ್ನಾಗಿ ಹೇಳುತ್ತಾರೆ!

ಮಾರ್ಚ್ 17, ಮಂಗಳವಾರ

ಕಿತ್ತಳೆ. ಟೆಕ್ನಿಷಿಯನ್ ಮತ್ತೆ ಬಂದ. ನೀಲಿ. ಹೋದ. ಕಿತ್ತಳೆ.

“ಆ ಮನುಷ್ಯನನ್ನ ಮನೇಲೇ ಇಟ್ಕೊಳ್ಳೋದು ವಾಸಿ” ಎಂದರು ಮಾವನವರು.

ಮಾರ್ಚ್ 20, ಶುಕ್ರವಾರ

ಇವತ್ತು ಇವರ ಮೇಲೆ ಸ್ವಲ್ಪ ಸಿಟ್ಟು ಬಂತು. ಮೊದಲ ಸಲ! ಏಳು ಗಂಟೆಗೆ ಅಂಗಡಿಯಿಂದ ಬಂದವರು ದೀಪ ನೋಡಿ, “ಕಿತ್ತಳೆನೂ ಚೆನ್ನಾಗೇ ಇದೆ, ಅಲ್ವಾ?” ಎಂದರು. ತಮಾಷೆಗಂತೆ. ನನಗೆ ಹಾಸ್ಟೆಲಿನ ಮಂಚ ಕಣ್ಣ ಮುಂದೆ ಬಂತು. ಬಾಗಿಲು ಹಾಕಿಕೊಂಡು ಕೂತು ಅತ್ತುಬಿಟ್ಟೆ. ಇನ್ನು ನಾಲ್ಕು ದಿನದೊಳಗೆ ಲೆಕ್ಕ ಶುರುವಾಗದಿದ್ದರೆ ಮುಗಿಯಿತು.

ಹೊರಗೆ ಬಂದಾಗ ಅತ್ತೆಯವರು ನನ್ನ ಕಣ್ಣು ನೋಡಿ, “ಕಾಫಿ ಕುಡಿತೀಯಮ್ಮಾ?” ಎಂದರು. ಹದಿಮೂರನೇ ಮಾತು.

ಮಾರ್ಚ್ 24, ಮಂಗಳವಾರ

ಇವರು ಇವತ್ತು ಬೆಳಿಗ್ಗೆಯೇ ಪಕ್ಕದ ಊರಿಗೆ ಹೋದರು. ಅಂಗಡಿಯವರು ಎರಡು ದಿನ ಕಣ್ಣು ಪರೀಕ್ಷೆಯ ಶಿಬಿರ ಇಟ್ಟಿದ್ದಾರೆ. ಮದುವೆಯಾದ ಮೇಲೆ ಮೊದಲ ಅಗಲಿಕೆ. ಬೀದಿಯ ತಿರುವಿನವರೆಗೂ ಕೈ ಬೀಸಿದೆ. ಇವರು ಹನ್ನೊಂದು ಸಲ ತಿರುಗಿ ನೋಡಿದರು, ಹನ್ನೆರಡನೆಯ ಸಲ ಕಂಬಕ್ಕೆ ಡಿಕ್ಕಿ ಹೊಡೆದರು.

ಮೇಡಂ ಫೋನ್ ಮಾಡಿ, ಇವತ್ತು ಸಂಜೆ ಐದಕ್ಕೆ ಶುರುವಾದರೆ 31ರ ಸಂಜೆ ಐದಕ್ಕೆ ಸರಿಯಾಗಿ ಏಳು ದಿನ, ಇದೇ ಕೊನೆಯ ಅವಕಾಶ ಎಂದರು. ಐದಕ್ಕೆ ಸರಿಯಾಗಿ ಲೆಕ್ಕ ಶುರುಮಾಡುವ ಗುಂಡಿ ಒತ್ತಿದೆ. ಒತ್ತಿದ್ದು ಸುಮ್ಮನೆ. ಆಸೆಯೇನೂ ಉಳಿದಿಲ್ಲ.

ಮಾರ್ಚ್ 26, ಗುರುವಾರ

ಇವತ್ತಿನದನ್ನು ಹೇಗೆ ಬರೆಯಲಿ! ಬರೆಯುವಾಗಲೇ ಕಿವಿ ಬಿಸಿಯಾಗುತ್ತಿದೆ.

ಎರಡು ದಿನ, ಪೂರ್ತಿ ಎರಡು ದಿನ, ನೀಲಿ. ರಾತ್ರಿಯೂ ನೀಲಿ, ಮಧ್ಯಾಹ್ನವೂ ನೀಲಿ. ಮಾವನವರ ಚಾರ್ಟಿನಲ್ಲಿ ಒಂದೇ ಒಂದು ಕೆಂಪು ಚುಕ್ಕೆ ಇಲ್ಲ. ರೂಮಿನಲ್ಲಿ ಒಬ್ಬಳೇ ಮಲಗಲು ಹೆದರಿಕೆಯಾಗಿ ಬಾಗಿಲು ತೆರೆದಿಟ್ಟುಕೊಂಡೇ ಮಲಗಿದ್ದೆ, ಆಗಲೂ ನೀಲಿ. ಅಮ್ಮನಿಗೆ ಹೊರಗೆ ಮೆಟ್ಟಿಲ ಮೇಲೆ ಕೂತು ಫೋನ್ ಮಾಡಿ ಬಂದೆ, ನೀಲಿ.

ಮಾವನವರು ಸಂಜೆ ಚಾರ್ಟಿನ ಮುಂದೆ ಬಹಳ ಹೊತ್ತು ನಿಂತು, ಗಂಭೀರವಾಗಿ ತೀರ್ಪು ಕೊಟ್ಟರು. “ಸಿಕ್ತು. ಕಾರಣ ನಮ್ ಮಗನೇ. ಅವ್ನು ಮನೇಲಿದ್ರೆ ಲೈನ್ ಹೋಗುತ್ತೆ, ಇಲ್ದಿದ್ರೆ ಇರುತ್ತೆ. ಅವನ ಮೊಬೈಲಲ್ಲಿ ಏನೋ ಇದೆ.”

ಅಷ್ಟರಲ್ಲಿ ಇವರು ಚೀಲ ಹೊತ್ತು ಬಂದರು. ನಾನು ಓಡಿದೆ. ಮಾವನವರು ನನಗಿಂತ ಮೊದಲು ಓಡಿ, “ಮೊಬೈಲ್ ಆಫ್ ಮಾಡು! ಅಲ್ಲೇ ನಿಲ್ಲು!” ಎಂದರು. ಇವರು ಕಕ್ಕಾಬಿಕ್ಕಿ. ಮೊಬೈಲು ಆರಿಸಿ, ಕೈಗಡಿಯಾರ ಬಿಚ್ಚಿ, ಬೆಲ್ಟು ಸಹ ಬಿಚ್ಚಿಟ್ಟು, ಕಳ್ಳನ ಹಾಗೆ ಎರಡೂ ಕೈ ಎತ್ತಿಕೊಂಡು ರೂಮಿನೊಳಗೆ ನಡೆದರು. ನೀಲಿ. ನಾನು ಹಿಂದೆಯೇ ಹೋಗಿ, ಅಭ್ಯಾಸದಂತೆ, ಬಾಗಿಲಿಗೆ ಕೈ ಹಾಕಿದೆ.

“ನಿಲ್ಲು!”

ಅತ್ತೆಯವರು. ಅಷ್ಟು ಜೋರು ದನಿ ಅವರಿಗಿದೆ ಎಂದು ನನಗೆ ಗೊತ್ತಿರಲಿಲ್ಲ. ಎದ್ದು ಬಂದರು. ಕೊರಳಲ್ಲಿ ಅಳತೆ ಟೇಪು. ಬಾಗಿಲ ಬಳಿ ಕುಕ್ಕರುಗಾಲಲ್ಲಿ ಕೂತು, ವೈರನ್ನು ಎಳೆಯದೆ, ಬಟ್ಟೆಯ ಅಂಚು ಮುಟ್ಟಿ ನೋಡುವ ಹಾಗೆ ಎರಡು ಬೆರಳಿನ ನಡುವೆ ಸವರಿಕೊಂಡು ಹೋದರು. ಕೀಲಿನ ಸಂದಿಗೆ ಬಂದಾಗ ಬೆರಳು ನಿಂತಿತು.

“ಇಲ್ಲಿ ಚಪ್ಪಟೆ ಆಗಿದೆ. ಬಾಗ್ಲು ಹಾಕಿದ್ರೆ ನಜ್ಜುತ್ತೆ. ತೆಗೆದ್ರೆ ಸರಿಹೋಗುತ್ತೆ.”

ನಾಲ್ಕು ಜನರ ಎಂಟು ಕಣ್ಣೂ ನಿಧಾನವಾಗಿ ಗೋಡೆಯ ಚಾರ್ಟಿನ ಕಡೆ ತಿರುಗಿದವು. ರಾತ್ರಿ 10:05. ಮಧ್ಯಾಹ್ನ 1:42. ಬೆಳಿಗ್ಗೆ 8:20, ನಾಲ್ಕು ನಿಮಿಷ. ಭಾನುವಾರಗಳ ಉದ್ದುದ್ದ ಕೆಂಪು ಗೆರೆ.

ಮಾವನವರು ಕೆಮ್ಮಿದರು. ಹೋಗಿ ಚಾರ್ಟನ್ನು ಕಿತ್ತು, ನಾಲ್ಕು ಮಡಿಕೆ ಮಡಿಸಿ, ಜೇಬಿಗಿಟ್ಟುಕೊಂಡು, “ಹಾಲು ತರ್ಬೇಕು” ಎಂದು ಹೊರಟೇಹೋದರು. ಫ್ರಿಜ್ಜಿನಲ್ಲಿ ಎರಡು ಪ್ಯಾಕೆಟ್ ಹಾಲು ಇತ್ತು. ಸಾಲದ್ದಕ್ಕೆ ಆ ಚಾರ್ಟನ್ನು ಟೆಕ್ನಿಷಿಯನ್ ತನ್ನ ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು ಹೋಗಿದ್ದಾನೆ. ದೊಡ್ಡ ಆಫೀಸಿಗೆ ತೋರಿಸುತ್ತಾನಂತೆ! ಭೂಮಿ ಬಾಯ್ಬಿಡಬಾರದೆ!

ಮಾರ್ಚ್ 27, ಶುಕ್ರವಾರ

ಈಗಿನ ಪರಿಸ್ಥಿತಿ ಹೀಗಿದೆ. ವೈರನ್ನು ಸರಿಮಾಡಬೇಕೆಂದರೆ ಕಿತ್ತು ತೆಗೆಯಬೇಕು. ಕಿತ್ತರೆ ಲೆಕ್ಕ ಸೊನ್ನೆ. ಮತ್ತೆ ಏಳು ದಿನ ಉಳಿದಿಲ್ಲ. ಹಾಗಾಗಿ 31ರ ಸಂಜೆ ಐದರವರೆಗೆ ನಮ್ಮ ರೂಮಿನ ಬಾಗಿಲು ಹಾಕುವಂತಿಲ್ಲ.

ಹಾಕುವಂತಿಲ್ಲ! ಹೊಸದಾಗಿ ಮದುವೆಯಾದವರು!

ಇವರು ಮಂಚದ ತುದಿಯಲ್ಲಿ ಕೂತು, ಬೇರೆ ಊರಿಗೆ ವರ್ಗವಾದವರ ಹಾಗೆ ಬಾಗಿಲು ನೋಡುತ್ತಿದ್ದಾರೆ. ಅತ್ತೆ ನೀಲಿ ಯೂನಿಫಾರಂ ಬಟ್ಟೆಯ ತುಂಡೊಂದನ್ನು ದಪ್ಪಗೆ ಮಡಿಸಿ, ನಾಲ್ಕು ಹೊಲಿಗೆ ಹಾಕಿ, ಬಾಗಿಲ ಕೆಳಗೆ ಸಿಕ್ಕಿಸಿದರು. ಗಾಳಿಗೂ ಅಲುಗಬಾರದಂತೆ. ಮಾವನವರು ಹೊಸ ಚಾರ್ಟ್ ಬರೆದರು. ಇದು ಬಾಗಿಲು ಕಾಯುವ ಡ್ಯೂಟಿ ಚಾರ್ಟ್. “ಬೆಳಿಗ್ಗೆ ಶಿಫ್ಟು ನಾನು, ಮಧ್ಯಾಹ್ನ ಇವಳು. ಮಧ್ಯಾಹ್ನದ ಶಿಫ್ಟು ಕಷ್ಟದ್ದು” ಎಂದರು, ಯಾರ ಮುಖವನ್ನೂ ನೋಡದೆ.

ಮಾರ್ಚ್ 29, ಭಾನುವಾರ

ಐದು ದಿನ ನೀಲಿ! ಬಾಗಿಲು ತೆರೆದಿದ್ದರೆ ಈ ಮನೆಯಲ್ಲಿ ಎಷ್ಟೊಂದು ಕೇಳಿಸುತ್ತದೆ. ಮಾವ ಪೇಪರಿನ ಜೊತೆ ಜಗಳವಾಡುತ್ತಾರೆ. ಅತ್ತೆಯ ಮಷಿನ್ ನೇರ ಹೊಲಿಗೆಗೆ ಒಂದು ಸದ್ದು, ಜೇಬಿನ ಮೂಲೆ ತಿರುಗಿಸುವಾಗ ಇನ್ನೊಂದು ಸದ್ದು ಮಾಡುತ್ತದೆ. ನಾನು ಅಭ್ಯಾಸಕ್ಕೆಂದು ಸುದ್ದಿ ಟೈಪ್ ಮಾಡುತ್ತಿದ್ದರೆ ಅತ್ತೆ ಹಾಲಿನಿಂದಲೇ, “ಮಂತ್ರಿಗಳು ಆ ಮಾತು ಹೇಳೇ ಇಲ್ಲ ಕಣೇ, ನೀನ್ ಹಾಕ್ಬಿಟ್ಟೆ” ಎನ್ನುತ್ತಾರೆ. ಅವರ ಕಿವಿ ಎಷ್ಟು ಚುರುಕು! ನನಗೆ ಗುಂಡಿ ಹೊಲಿಯುವುದನ್ನು ಕಲಿಸಿದರು. ನಾನು ಹೊಲಿದ ಮೊದಲ ಗುಂಡಿ ನೋಡಿ, “ಇದನ್ನ ಹಾಕ್ಕೊಂಡ ಮಗು ಮನೆಗೆ ಹೋಗೋಷ್ಟರಲ್ಲಿ ಗುಂಡಿ ಶಾಲೇಲೇ ಇರುತ್ತೆ” ಎಂದರು. ನಗು ತಡೆಯಲಾಗದೆ ಇಬ್ಬರೂ ನೆಲದ ಮೇಲೆ ಕೂತುಬಿಟ್ಟೆವು.

ಇವರು ಮಧ್ಯಾಹ್ನ ಪೂರ್ತಿ ಮಲಗಿದ್ದರು. ಪಾಪ, ಭಾನುವಾರ ಇವರಿಗೆ ಬೇಜಾರು.

ಮಾರ್ಚ್ 31, ಮಂಗಳವಾರ

ಮೊದಲಿನಿಂದ ಬರೆಯುತ್ತೇನೆ.

ಕೊನೆಯ ದಿನದ ಕೊನೆಯ ಗಂಟೆಗಳನ್ನು ನೋಡಲು ಮಾವ ಡಿಪೋದ ಮೂವರು ಗೆಳೆಯರನ್ನು ಕರೆದಿದ್ದರು. ಒಬ್ಬ ಡ್ರೈವರ್, ಒಬ್ಬ ಕಂಡಕ್ಟರ್, ಒಬ್ಬ ಮೆಕ್ಯಾನಿಕ್, ಎಲ್ಲ ನಿವೃತ್ತರು. ಬಂದವರೇ ಮೊಬೈಲ್ ತೆಗೆದು, “ಮುದ್ದು ಪಾಸ್‌ವರ್ಡ್ ಏನಪ್ಪಾ?” ಎಂದರು. ಇವರು ಅರ್ಧ ದಿನ ರಜೆ ಹಾಕಿ ಬಂದಿದ್ದರು, ಐದು ಹೊಡೆದ ಕೂಡಲೇ ವೈರು ಬದಲಿಸಲು ಸುತ್ತಿಗೆ, ಕ್ಲಿಪ್ಪು ಹಿಡಿದು ಕೂತಿದ್ದರು. ಮಾವ ಕುರ್ಚಿಗಳನ್ನು ನಮ್ಮ ಬಾಗಿಲಿಗೆ ಎದುರಾಗಿ ಹಾಕಿಸಿದ್ದರು. ಮ್ಯಾಚ್ ನೋಡಲು ಕೂತ ಹಾಗೆ ನಾಲ್ವರು ಸಾಲಾಗಿ ನಮ್ಮ ರೂಮಿನೊಳಗೇ ನೋಡುತ್ತಿದ್ದರು. ಮೂರು ಗಂಟೆಗೆ ಮಾವ, “ಇನ್ನು ಎರಡೇ ಗಂಟೆ, ಲೇಟಿಲ್ಲ” ಎಂದು ಕೂಗಿದರು. ಚಪ್ಪಾಳೆ.

ಮೂರು ಗಂಟೆ ಹತ್ತು ನಿಮಿಷಕ್ಕೆ ಅತ್ತೆಗೆ ಫೋನ್ ಬಂತು. ಶಾಲೆಯ ಹೆಡ್‌ಮಾಸ್ಟರ್. ಅತ್ತೆ ಎದ್ದು ನಿಂತು ಮಾತಾಡಿದರು. “ಹೌದಾ ಸರ್. ಇಲ್ಲ ಸರ್, ಪರ್ವಾಗಿಲ್ಲ. ರೆಡಿಮೇಡಾ ಸರ್. ಆಗ್ಲಿ ಸರ್.” ಫೋನಿಟ್ಟರು. ಮಷಿನ್ನಿನ ಮೇಲೆ ಅರ್ಧ ಹೊಲಿದ ಅಂಗಿ. ಅದನ್ನು ತೆಗೆದು ಮಡಿಸಿದರು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದರು. ಗಂಡಸರು ಯಾರೂ ನೋಡಲಿಲ್ಲ, ಕುರ್ಚಿಯಲ್ಲಿದ್ದವರೆಲ್ಲ ದೀಪ ನೋಡುತ್ತಿದ್ದರು. ಅತ್ತೆ ಬಚ್ಚಲುಮನೆಯ ಕಡೆ ಹೋದರು. ಒಳಗೆ ಡ್ರೈವರ್ ಇದ್ದ. ಅಡುಗೆಮನೆಗೆ ಹೋದರು. ಅಲ್ಲಿ ಕಂಡಕ್ಟರ್ ನೀರು ಹುಡುಕುತ್ತಿದ್ದ. ಕೊನೆಗೆ ನನ್ನ ರೂಮಿಗೆ ಬಂದು, ಗೋಡೆಗೆ ಮುಖ ಮಾಡಿ ನಿಂತರು. ಅವರ ಬೆನ್ನು ಸಣ್ಣಗೆ ನಡುಗುತ್ತಿತ್ತು. ಹಾಲಿನಿಂದ ಮೆಕ್ಯಾನಿಕ್, “ಅಮ್ಮಾ, ಸ್ವಲ್ಪ ಪಕ್ಕಕ್ಕೆ, ದೀಪ ಕಾಣ್ತಿಲ್ಲ” ಎಂದ.

ಅತ್ತೆ ಬಾಗಿಲ ಕಡೆ ನೋಡಿದರು. ಬರೀ ನೋಡಿದರು, ಅಷ್ಟೆ. ಹಾಕು ಎನ್ನಲಿಲ್ಲ.

ನಾನು ಎದ್ದು, ಕೆಳಗೆ ಸಿಕ್ಕಿಸಿದ್ದ ಬಟ್ಟೆಯ ಮಡಿಕೆ ಎಳೆದು, ಬಾಗಿಲು ಹಾಕಿ, ಚಿಲಕ ಹಾಕಿದೆ.

ಹೊರಗೆ “ಹೋಯ್ತು! ಹೋಯ್ತು!” ಎಂದು ಮಾವ. “ಮುದ್ದೂ! ಏನು ಮಾಡ್ದೆ?” ಎಂದು ಇವರು. ಕುರ್ಚಿ ಬಿದ್ದ ಸದ್ದು.

ಅತ್ತೆ ನೆಲದ ಮೇಲೆ ಕೂತು, ಟೇಪಿನ ತುದಿ ಬಾಯಿಗೊತ್ತಿಕೊಂಡು ಅತ್ತರು. ನಾನು ಪಕ್ಕದಲ್ಲಿ ಕೂತೆ.

“ಹದಿನೆಂಟು ವರ್ಷ ಕಣೇ. ಒಂದು ಕಾಜಾ ತಪ್ಪಿಲ್ಲ. ಈಗ ಅಂಗಡಿಯಿಂದ ತರ್ತಾರಂತೆ.”

“ಅಳಿ ಅತ್ತೆ. ಜೋರಾಗೇ ಅಳಿ. ಬಾಗಿಲು ಹಾಕಿದ್ದೀನಿ.”

“ಮೊದ್ಲೂ ಈ ರೂಮಲ್ಲೇ ಅಳ್ತಿದ್ದೆ. ತಿಂಗಳಿಗೊಂದು ಸಲ.”

“ಯಾತಕ್ಕೆ?”

“ಯಾತಕ್ಕೂ ಅಲ್ಲ. ಅತ್ರೆ ತಲೆ ಹಗುರ ಆಗುತ್ತೆ. ನೀನು ಬಂದ್ಮೇಲೆ ಜಾಗನೇ ಸಿಕ್ಕಿಲ್ಲ ನೋಡು.” ಅಳುತ್ತಲೇ ಸ್ವಲ್ಪ ನಕ್ಕರು. ಮೂಗು ಒರೆಸಿಕೊಂಡು ತಲೆ ಎತ್ತಿದವರ ಕಣ್ಣು ಮೇಜಿನ ಮೇಲೆ ನಿಂತಿತು. ಕಿತ್ತಳೆ.

“ಅಯ್ಯೋ! ಏನೇ ಮಾಡ್ಕೊಂಡೆ? ನಿನ್ ತಲೆ ಕೆಟ್ಟಿದ್ಯಾ?”

“ಗೊತ್ತಿಲ್ಲ ಅತ್ತೆ.”

ಅವರು ನನ್ನ ತಲೆಗೆ ಒಂದು ಮೊಟಕಿದರು. ಜೋರಾಗಿಯೇ. ಆಮೇಲೆ ಅದೇ ಜಾಗವನ್ನು ಸವರಿದರು.

ಏಪ್ರಿಲ್ 1, ಬುಧವಾರ

ಮೇಡಂ ಒಪ್ಪಲಿಲ್ಲ. “ಆರು ದಿನ ಇಪ್ಪತ್ತೆರಡು ಗಂಟೆ ಏಳು ದಿನ ಆಗಲ್ಲಮ್ಮಾ. ಕಾರಣ ಏನಂತ ಬರೀಲಿ?” ಎಂದರು. “ಬಾಗಿಲು ಹಾಕಬೇಕಾಯಿತು” ಎಂದೆ. ಅವರು ದನಿ ತಗ್ಗಿಸಿ, “ನಾನೂ ಮದುವೆಯಾದವಳೇ” ಎಂದರು. ನಾನು ವಿವರಿಸಲು ಹೋಗಲಿಲ್ಲ. ಮುಂದಿನ ಪರೀಕ್ಷೆ ತಿಂಗಳ ಕೊನೆಗೆ. ಅಲ್ಲಿಯವರೆಗೆ ಆಫೀಸು, ಹಾಸ್ಟೆಲ್ಲು. ಇವತ್ತು ರಾತ್ರಿಯ ರೈಲು.

ಇವರ ಮುಖ ಸಪ್ಪಗಾಗಿದೆ. ನಾನು ಬಟ್ಟೆ ತುಂಬುತ್ತಿದ್ದಾಗ ಮಂಚದ ಮೇಲೆ ಕೂತು, “ಇನ್ನೆರಡು ಗಂಟೆ ತಡ್ಕೊಳ್ಳೋಕೆ ಆಗ್ಲಿಲ್ವಾ ನಿನಗೆ?” ಎಂದರು.

“ಆಗ್ಲಿಲ್ಲ ರೀ. ಆ ಸೂಟ್‌ಕೇಸ್ ಮುಚ್ಚಳ ಸ್ವಲ್ಪ ಒತ್ತಿ ಹಿಡ್ಕೊಳ್ಳಿ.”

ಅಷ್ಟರಲ್ಲಿ ಅತ್ತೆ ಒಂದು ಚೀಲ ತಂದು ನನ್ನ ಸೂಟ್‌ಕೇಸಿನ ಪಕ್ಕ ಇಟ್ಟರು. ಕತ್ತರಿ, ಟೇಪು, ಎರಡು ಸೀರೆ.

“ಎಲ್ಲಿಗೆ?” ಎಂದರು ಮಾವ.

“ಇವಳ ಜೊತೆಗೆ. ಹದಿನೆಂಟು ವರ್ಷದಲ್ಲಿ ಏಪ್ರಿಲ್ ತಿಂಗಳು ಖಾಲಿ ಸಿಕ್ಕಿರೋದು ಇದೇ ಮೊದಲು. ಇಲ್ಲಿ ಕೂತ್ರೆ ಆ ಮಷಿನ್ ನೋಡ್ತಾ ಕೂರ್ಬೇಕು.”

“ಮತ್ತೆ ನಮ್ಮ ಊಟ?”

“ಚಾರ್ಟ್ ಹಾಕ್ಕೊಳ್ಳಿ.”

ಮಾವ ಡ್ರಿಲ್ಲಿಂಗ್ ಮಷಿನ್ ಎಲ್ಲಿ ಸಿಗುತ್ತದೆಂದು ಮೆಕ್ಯಾನಿಕ್ ಗೆಳೆಯನಿಗೆ ಫೋನ್ ಮಾಡಲು ಹೋದರು. ಗೋಡೆ ಕೊರೆಯಬಹುದಂತೆ. ಪೇಂಟು ಮತ್ತೆ ಹೊಡೆಸಬಹುದಂತೆ.

ಏಪ್ರಿಲ್ 9, ಗುರುವಾರ

ಎಂಟು ದಿನದಿಂದ ಬರೆಯಲು ಪುರಸೊತ್ತೇ ಇಲ್ಲ! ಹಾಸ್ಟೆಲಿನಲ್ಲಿ ನನಗೂ ಅತ್ತೆಗೂ ಇಬ್ಬರ ರೂಮು ಸಿಕ್ಕಿದೆ, ಎರಡನೇ ಮಹಡಿ. ನಾನು ಆಫೀಸಿಗೆ ಹೋದ ಮೊದಲ ದಿನವೇ ಅತ್ತೆ ವಾರ್ಡನ್ ಸ್ನೇಹ ಮಾಡಿಕೊಂಡು, ಉಗ್ರಾಣದಲ್ಲಿ ಕೆಟ್ಟು ಬಿದ್ದಿದ್ದ ಹೊಲಿಗೆ ಮಷಿನ್ನಿಗೆ ಎಣ್ಣೆ ಬಿಟ್ಟು ಓಡಿಸಿದ್ದಾರೆ. ಆರು ಹುಡುಗಿಯರ ಬಟ್ಟೆ ಒಪ್ಪಿಕೊಂಡಿದ್ದಾರೆ. “ಯೂನಿಫಾರಂ ಹೊಲಿದು ಹೊಲಿದು, ಜನರಿಗೆ ಬೇರೆ ಬೇರೆ ಅಳತೆ ಇರುತ್ತೆ ಅನ್ನೋದೇ ಮರೆತುಹೋಗಿತ್ತು ಕಣೇ” ಎನ್ನುತ್ತಾರೆ. ಸಂಜೆ ನಾನು ಟೈಪ್ ಮಾಡಿದ್ದನ್ನು ಟಿವಿಯಲ್ಲಿ ನೋಡಿ, ತಪ್ಪು ಪಟ್ಟಿ ಮಾಡಿ ಇಟ್ಟಿರುತ್ತಾರೆ. ಈ ವಾರ ನನ್ನ ತಪ್ಪು ಅರ್ಧಕ್ಕಿಳಿದಿದೆ ಎಂದು ಮೇಡಂ ಎಲ್ಲರೆದುರು ಹೇಳಿದರು!

ಸಂಜೆ ಮನೆಯಿಂದ ನನ್ನವರ ಫೋನ್ ಬಂದಿತ್ತು. ಗೋಡೆ ಕೊರೆದು, ಹೊಸ ವೈರು ಎಳೆದು ಇವತ್ತಿಗೆ ಏಳು ದಿನವಂತೆ. ಪೂರ್ತಿ ನೀಲಿ, ಒಂದು ಸಲವೂ ಕಿತ್ತಳೆ ಇಲ್ಲ. “ಬಾಗಿಲು ಹಾಕಿ ತೆಗೆದು, ಹಾಕಿ ತೆಗೆದು ಟೆಸ್ಟ್ ಮಾಡ್ದೆ. ಏನೂ ಆಗಲ್ಲ” ಎಂದರು. ಮೇಡಂಗೆ ಇನ್ನೊಂದು ಸಲ ಹೇಳಿ ನೋಡು ಎಂದರು. ತಿಂಗಳ ಕೊನೆಗೆ ಹೇಗೂ ಪರೀಕ್ಷೆ ಇದೆಯಲ್ಲ, ಅವಸರವೇನು ಎಂದೆ.

“ಸರಿ, ಭಾನುವಾರ ನಾನೇ ಬರ್ತೀನಿ. ಟಿಕೆಟ್ ನೋಡಿದ್ದೀನಿ.”

“ಅಯ್ಯೋ, ಈ ಭಾನುವಾರ ಬೇಡ ರೀ! ಇಲ್ಲಿ ಕೆರೆಗೆ ದೋಣಿಗೆ ಹೋಗ್ತಿದ್ದೀವಿ. ಅತ್ತೆ ಹುಟ್ಟಿದಾಗಿಂದ ದೋಣಿ ಹತ್ತೇ ಇಲ್ವಂತೆ.”

“ನಾನೂ ಬರ್ತೀನಿ ದೋಣಿಗೆ.”

“ಅದ್ರಲ್ಲಿ ಎಂಟೇ ಸೀಟು. ಆರು ಜನ ಹುಡುಗಿಯರು, ಅತ್ತೆ, ನಾನು. ಮುಂದಿನ ಭಾನುವಾರ ಬನ್ನಿ, ಆಯ್ತಾ?”

ಆ ಕಡೆಯಿಂದ ಸದ್ದೇ ಇಲ್ಲ. ಹಲೋ ಹಲೋ ಎಂದು ನಾಲ್ಕು ಸಲ ಕೂಗಿದೆ. ಅತ್ತೆ ಕೆಳಗಿನಿಂದ ಅಳತೆಗೆ ಕರೆಯುತ್ತಿದ್ದರು, ಫೋನಿಟ್ಟು ಓಡಿದೆ. ಪಾಪ, ಏಳು ದಿನ ನೀಲಿ ಎಂದು ಅವರು ಎಷ್ಟು ಜಂಬದಿಂದ ಹೇಳಿದರೂ, ಆ ಮನೆಯ ಲೈನಿನಲ್ಲಿ ಇನ್ನೂ ಏನೋ ತೊಂದರೆ ಇದೆ.